ಸೂರ್ಯಕಿರಣ ಹಾಕ್‌ಗೆ ಕೆಂಪು ಹೊಡೆಯುವ ಮುಂಚೆ

ಸರ್, ನಮ್ಮ ವಾಯುಪಡೆಯ ಪ್ರದರ್ಶನ ತಂಡ ಸೂರ್ಯಕಿರಣದ ಹಾಕ್ ತರಬೇತಿ ಜೆಟ್ ಮಾಡೆಲ್‌ಗೆ ನಾಲ್ಕು ಕೋಟ್ ಕೆಂಪು ಹೊಡೆದರೂ ಬಣ್ಣ ಮಂಕಾಗಿದೆ, ಅಲ್ಲಲ್ಲಿ ಮಚ್ಚೆ ಕಾಣುತ್ತಿದೆ ಅಂತ ಕೇಳಿದ್ದೀರಿ. ಕಾರಣ ಕೆಳಗಿರುವ ಬೂದು ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟ್. ಕೆಂಪು, ಹಳದಿ, ಕಿತ್ತಳೆ ಈ ಮೂರಕ್ಕೂ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ಐದನೇ ಕೋಟ್ ಹೊಡೆಯಬೇಡಿ, ಮಾಡೆಲ್ ಮೇಲೆ ಕೊರೆದಿರುವ ಪ್ಯಾನೆಲ್ ಗೆರೆಗಳೆಲ್ಲ (ತಗಡುಗಳ ಸಂದು) ತುಂಬಿಹೋಗುತ್ತವೆ.

ನಯವಾದ ಉಪ್ಪುಕಾಗದದಿಂದ, ನೀರು ಹಾಕಿಕೊಂಡು ಹಗುರವಾಗಿ ಉಜ್ಜಿ. ಆಮೇಲೆ ಇಡೀ ವಿಮಾನಕ್ಕೆ ಬಿಳಿ. ಒಂದು ದಿನ ಪೂರ್ತಿ ಒಣಗಲಿ. ಬಿಳಿ ಉಳಿಯಬೇಕಾದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಅಂಚಿನ ಮೇಲೆ ಮತ್ತೆ ತೆಳುವಾಗಿ ಬಿಳಿಯನ್ನೇ ಹೊಡೆಯಿರಿ. ಸಂದಿಯಲ್ಲಿ ಬಣ್ಣ ನುಗ್ಗಿದರೂ ಅದು ಬಿಳಿಯೇ ಆಗಿರುತ್ತದೆ, ಕೆಂಪು ಒಳಗೆ ಹೋಗುವುದಿಲ್ಲ. ಈಗ ಕೆಂಪು, ತೀರಾ ತೆಳುವಾಗಿ ಮೂರು ಸಲ. ಮಳೆ ಹಿಡಿದ ದಿನ ಲ್ಯಾಕರ್ (ಬೇಗ ಒಣಗುವ ಥಿನ್ನರ್ ಬಣ್ಣ) ಮುಟ್ಟಲೇಬೇಡಿ, ತೇವಕ್ಕೆ ಹಾಲಿನಂತೆ ಮಬ್ಬಾಗುತ್ತದೆ.

ಇನ್ನೊಂದು ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ತರಬೇತಿ ವಿಮಾನ ಎಲ್ಲರಿಗೂ ಕಾಣಬೇಕು ಅಂತಾದರೆ ಬ್ರಿಟನ್ನಿನವರು ತಮ್ಮ ಹಾಕ್‌ಗಳಿಗೆ ಕಪ್ಪು ಬಳಿದದ್ದು ಯಾಕೆ? ಮೊದಲು ಅವೂ ಕೆಂಪು, ಬಿಳಿ, ಬೂದು ಬಣ್ಣದಲ್ಲೇ ಇದ್ದವು. ಆದರೆ ದೂರದಿಂದ ನೋಡುವಾಗ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಬೆಳಕು-ಕತ್ತಲೆಯ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಬಿಳಿ ಭಾಗ ಮೋಡದಲ್ಲಿ ಸೇರಿಹೋದರೆ ವಿಮಾನದ ಆಕಾರವೇ ಒಡೆದುಹೋಗುತ್ತದೆ. ಪೂರ್ತಿ ಕಪ್ಪಿದ್ದರೆ ಆಕಾಶದ ಎದುರು ಒಂದೇ ಗಟ್ಟಿ ಆಕಾರ. ಪರೀಕ್ಷೆ ಮಾಡಿ ನೋಡಿಯೇ 1990ರ ದಶಕದಲ್ಲಿ ಹೊಳೆಯುವ ಕಪ್ಪಿಗೆ ಬಂದರು. ಪ್ರದರ್ಶನ ತಂಡದ ಮಾತು ಬೇರೆ. ಅಲ್ಲಿ ನೋಡುವ ಜನ ಹತ್ತಿರದಲ್ಲೇ ಇರುತ್ತಾರೆ, ಬಣ್ಣ ಚೆನ್ನಾಗಿ ಕಾಣುತ್ತದೆ ಅಲ್ವಾ?

ಅದಕ್ಕೇ ಹೇಳುವುದು, ಈ ಮಾಡೆಲ್‌ಗೆ ಯುದ್ಧವಿಮಾನದ ಹಾಗೆ ಹೊಗೆ, ಮಸಿ, ಕಿತ್ತುಹೋದ ಬಣ್ಣ ಹಾಕಬೇಡಿ. ಇವು ತೊಳೆದು ಒರೆಸಿ ಇಟ್ಟ ವಿಮಾನಗಳು. ಪ್ಯಾನೆಲ್ ಗೆರೆಗೆ ತುಂಬುವ ಬಣ್ಣವೂ ಕಪ್ಪಾದರೆ ಜಾಸ್ತಿಯಾಗುತ್ತದೆ. ಕೆಂಪಿನ ಮೇಲೆ ಕಡು ಕಂದು, ಬಿಳಿಯ ಮೇಲೆ ತಿಳಿ ಬೂದು ಸಾಕು. ಡೆಕಾಲ್‌ಗೆ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಮುಂಚೆ ಹೊಳಪಿನ, ಬಣ್ಣವಿಲ್ಲದ ಕ್ಲಿಯರ್ ಕೋಟ್ ಕೊಡಿ. ಒರಟು ಮೇಲ್ಮೈ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಗೆ ಮಿನುಗುತ್ತದೆ.

ಮುಂದಿನ ಸಲ ಕಿಟ್ ಕೊಳ್ಳುವಾಗ ಮೂಗು ನೋಡಿ. ಬ್ರಿಟನ್ನಿನ ಪ್ರದರ್ಶನ ತಂಡ ರೆಡ್ ಆರೋಸ್‌ನ ಹಳೆಯ ಟಿ1 ಮಾದರಿಯ ಹಾಕ್‌ನ ಮೂಗು ಗಿಡ್ಡ. ಸೂರ್ಯಕಿರಣದವರು ಹಾರಿಸುವ ನಮ್ಮ ಹಾಕ್ ಮಾರ್ಕ್ 132ರದ್ದು ಉದ್ದ. ಬಣ್ಣ ಎಷ್ಟು ಚೆನ್ನಾಗಿ ಬಂದರೂ ಟಿ1 ಕಿಟ್‌ನಲ್ಲಿ ಸೂರ್ಯಕಿರಣ ಆಗುವುದಿಲ್ಲ. 1996ರಲ್ಲಿ ಬೀದರ್‌ನಲ್ಲಿ ಶುರುವಾದಾಗಿನ ತಂಡ ನಿಮಗೆ ಬೇಕಿದ್ದರೆ ಹಾಕ್ ಅಲ್ಲವೇ ಅಲ್ಲ. 2011ರವರೆಗೂ ಅವರು ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ಮಾರ್ಕ್ 2. ಬಿಳಿ ಹೊಡೆದ ಮೇಲೆ ಒಂದು ಫೋಟೊ ಹಾಕಿ, ಟೇಪ್ ಎಲ್ಲೆಲ್ಲಿ ಬರಬೇಕು ಅಂತ ಗುರುತು ಮಾಡಿ ಕಳಿಸುತ್ತೇನೆ.