ಪ್ರೆಪ್ ಎಚ್‌ಪಿಎಲ್‌ಸಿಗೆ ಹಾಕುವ ಮುನ್ನ ಎಲ್‌ಸಿ-ಎಂಎಸ್‌ನಲ್ಲಿ ಏನನ್ನು ನೋಡಬೇಕು?

ಎಲ್‌ಸಿ-ಎಂಎಸ್‌ನಲ್ಲಿ (ಮಿಶ್ರಣವನ್ನು ಕಾಲಂನಲ್ಲಿ ಬೇರ್ಪಡಿಸಿ, ಪ್ರತಿ ಘಟಕದ ಮಾಸ್ ಅಂದರೆ ಅಣುವಿನ ರಾಶಿಯನ್ನು ಅಳೆಯುವ ಯಂತ್ರ) ಬೇಕಾದ ಮಾಸ್ ಕಂಡಕೂಡಲೇ ಕ್ರೂಡ್ (ಪ್ರತಿಕ್ರಿಯೆಯಿಂದ ಬಂದ, ಇನ್ನೂ ಶುದ್ಧಗೊಳಿಸದ) ಮಾದರಿಯನ್ನು ಪ್ರೆಪ್ ಎಚ್‌ಪಿಎಲ್‌ಸಿ ಎಂಬ ಸ್ವಯಂಚಾಲಿತ ಶುದ್ಧೀಕರಣಕ್ಕೆ ಕೊಡಬಹುದೇ, ಆ ಸ್ಪೆಕ್ಟ್ರಮ್ ನೋಡಿಯೇ ಶುದ್ಧತೆಯ ಶೇಕಡಾವಾರು ಬರೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಖಂಡಿತ ಬೇಡ. ಮೊದಲನೆಯದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ದ್ರಾವಣವನ್ನು ವಿದ್ಯುತ್ ಒತ್ತಡದಲ್ಲಿ ಸಿಂಪಡಿಸಿ ಅಯಾನುಗಳನ್ನು ಮಾಡುವ ಎಲೆಕ್ಟ್ರೋಸ್ಪ್ರೇ ವಿಧಾನದಲ್ಲಿ ಮಾಸ್ ಪೀಕ್‌ನ ಎತ್ತರವು ಸಂಯುಕ್ತ ಎಷ್ಟಿದೆ ಎಂಬುದನ್ನಷ್ಟೇ ಅಲ್ಲ, ಅದು ಎಷ್ಟು ಸುಲಭವಾಗಿ ಅಯಾನು ಆಗುತ್ತದೆ ಎಂಬುದನ್ನೂ ಅವಲಂಬಿಸಿರುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಉಳಿದ ಅಮೀನ್ ದೊಡ್ಡದಾಗಿ ಕಾಣಬಹುದು. ಅರ್ಧದಷ್ಟಿರುವ ಟಾಲ್ವೀನ್‌ನಂಥ ಹೈಡ್ರೋಕಾರ್ಬನ್ ಕಾಣದೆಯೇ ಹೋಗಬಹುದು. ಆದ್ದರಿಂದ ಶುದ್ಧತೆಯ ಅಂದಾಜಿಗೆ 214 ಮತ್ತು 254 ನ್ಯಾನೋಮೀಟರಿನ ಯುವಿ ಪೀಕ್‌ಗಳ ವಿಸ್ತೀರ್ಣವನ್ನು ನೋಡಿ. ಯುವಿಯನ್ನು ಹೀರದ ಸಂಯುಕ್ತವಾದರೆ ಇಎಲ್‌ಎಸ್‌ಡಿ (ದ್ರಾವಕ ಆವಿಯಾದ ಮೇಲೆ ಉಳಿದ ಕಣಗಳು ಚದುರಿಸುವ ಬೆಳಕನ್ನು ಅಳೆಯುವ ಶೋಧಕ) ನೆರವಿಗೆ ಬರುತ್ತದೆ. ಐಸೋಮರ್‌ಗಳ (ಒಂದೇ ಅಣುಸೂತ್ರ, ಬೇರೆ ರಚನೆಯ ಸಂಯುಕ್ತಗಳ) ಮಾಸ್ ಒಂದೇ ಆಗಿರುವುದರಿಂದ, ಅವು ಕಾಲಂನಲ್ಲಿ ಬೇರ್ಪಡದಿದ್ದರೆ ಮಾಸ್ ಅವುಗಳನ್ನು ಗುರುತಿಸಿಕೊಡುವುದಿಲ್ಲ.

ಹಾಗಾದರೆ ಮುಂಚಿತವಾಗಿ ಮಾಸ್ ನೋಡುವುದೇಕೆ? ಯಾವ ಅಯಾನು ಬಂದಾಗ ಸಂಗ್ರಹ ಶುರುವಾಗಬೇಕು ಎಂದು ಪ್ರೆಪ್ ಯಂತ್ರಕ್ಕೆ ಸರಿಯಾಗಿ ಹೇಳುವುದಕ್ಕೆ. ಬಹಳ ಮಂದಿ ಎಡವುವುದು ಇಲ್ಲಿಯೇ. 4-ಬ್ರೋಮೋಅನಿಲೀನ್ ಅನ್ನು ತೆಗೆದುಕೊಳ್ಳಿ. ಬಾಟಲಿಯ ಮೇಲೆ ಅಚ್ಚಾಗಿರುವ ಅಣುತೂಕ 172.02, ಅದಕ್ಕೆ ಒಂದು ಪ್ರೋಟಾನ್ ಸೇರಿಸಿ 173 ಎಂದು ನಮೂದಿಸುವುದು ಸಹಜವೆನಿಸುತ್ತದೆ. ಆದರೆ ಬ್ರೋಮಿನ್‌ಗೆ 79 ಮತ್ತು 81 ಎಂಬ ಎರಡು ಐಸೋಟೋಪ್‌ಗಳು ಹೆಚ್ಚುಕಡಿಮೆ ಸಮನಾಗಿರುವುದರಿಂದ ದೊಡ್ಡ ಪೀಕ್‌ಗಳು 172 ಮತ್ತು 174ರಲ್ಲಿ ಏಳುತ್ತವೆ, 173ರಲ್ಲಿ ಕಾರ್ಬನ್-13ರ ಪುಟ್ಟ ಪೀಕ್ ಮಾತ್ರ ಇರುತ್ತದೆ. ಯಂತ್ರ ಒಪ್ಪುವ ಮಾಸ್ ವ್ಯಾಪ್ತಿಯ ಕಿಟಕಿಯನ್ನು ಅರ್ಧ ಮಾಸ್‌ನಷ್ಟೇ ಇಟ್ಟಿದ್ದರೆ ಇಡೀ ಉತ್ಪನ್ನ ವೇಸ್ಟ್ ಕ್ಯಾನಿಗೆ ಹರಿದುಹೋಗಬಹುದು. ಸರಾಸರಿ ಅಣುತೂಕವನ್ನಲ್ಲ, ಮೋನೋಐಸೋಟೋಪಿಕ್ ಮಾಸ್ (ಪ್ರತಿ ಧಾತುವಿನ ಅತಿ ಹೆಚ್ಚಿರುವ ಐಸೋಟೋಪ್‌ನಿಂದ ಲೆಕ್ಕಹಾಕಿದ್ದು) ಅನ್ನೇ ನಮೂದಿಸಬೇಕು.

ಬೋಕ್ (ಅಮೀನನ್ನು ತಾತ್ಕಾಲಿಕವಾಗಿ ಮುಚ್ಚಿಡುವ ಗುಂಪು) ರಕ್ಷಣೆಯಿರುವ ಅಮೀನ್‌ಗಳದ್ದು ಇನ್ನೊಂದು ತೊಡಕು. ಮಾಸ್ 300 ಇದ್ದರೆ 301ರ ಅಯಾನು ಕ್ಷೀಣವಾಗಿದ್ದು, ಐಸೋಬ್ಯೂಟೀನ್ ಕಳೆದುಕೊಂಡ 245, ಇಡೀ ಬೋಕ್ ಉದುರಿದ 201, ಸೋಡಿಯಂ ಸೇರಿದ 323 ಇವುಗಳೇ ಮುಂದೆ ನಿಲ್ಲುವುದುಂಟು. 201 ಕಂಡಿತೆಂದು ಬೋಕ್ ರಾಸಾಯನಿಕವಾಗಿ ಹೋಗಿದೆಯೆಂದು ತೀರ್ಮಾನಿಸಬೇಡಿ. ಅದು ಅಯಾನು ಮೂಲದೊಳಗೇ ಮುರಿದಿರಬಹುದು. ಈ ಎಲ್ಲ ಅಯಾನುಗಳೂ ಒಂದೇ ಯುವಿ ಪೀಕ್‌ನ ಕೆಳಗೆ, ಒಂದೇ ಕ್ಷಣದಲ್ಲಿ ಏರಿ ಇಳಿಯುತ್ತವೆಯೇ ಎಂದು ನೋಡಿದರೆ ಸಂಶಯ ಬಹುಮಟ್ಟಿಗೆ ನೀಗುತ್ತದೆ. ಟ್ರಿಗರ್‌ಗೆ, ಅಂದರೆ ಸಂಗ್ರಹ ಶುರುಮಾಡುವ ಸೂಚನೆಗೆ, ನಿಜವಾಗಿ ಬಲವಾಗಿರುವ ಅಯಾನನ್ನೇ ಆರಿಸಿಕೊಳ್ಳಿ.

ಪೀಕ್ ಹೊರಬರುವ ಸಮಯವನ್ನೂ ಗುರುತು ಹಾಕಿಕೊಳ್ಳಿ, ಏಕೆಂದರೆ ಅದರ ಸುತ್ತಲಿನ ಅಸಿಟೋನೈಟ್ರೈಲ್ (ಓಡುವ ದ್ರಾವಕ) ಪ್ರಮಾಣದಲ್ಲಿ ಗ್ರೇಡಿಯೆಂಟನ್ನು, ಅಂದರೆ ಆ ದ್ರಾವಕದ ಪಾಲಿನ ಏರಿಕೆಯನ್ನು, ನಿಧಾನಗೊಳಿಸಿದರೆ ಪಕ್ಕದ ಕಲ್ಮಶ ದೂರ ಸರಿಯುತ್ತದೆ. ಯುವಿಯಲ್ಲಿ ಉತ್ಪನ್ನ ತೀರಾ ಕಡಿಮೆಯಿದ್ದರೆ, ನನ್ನ ಅಭಿಪ್ರಾಯದಲ್ಲಿ ಪ್ರೆಪ್‌ಗೆ ಹಾಕದೆ ಪ್ರತಿಕ್ರಿಯೆಯನ್ನೇ ಮತ್ತೆ ಮಾಡುವುದು ಲೇಸು. ಹಾಕಿದ ಮೇಲೆ, ಪ್ರತಿ ಫ್ರ್ಯಾಕ್ಷನ್ನನ್ನೂ (ಒಂದೊಂದು ಕೊಳವೆಯಲ್ಲಿ ಸಂಗ್ರಹವಾದ ಭಾಗವನ್ನೂ) ಬೆರೆಸುವ ಮೊದಲೇ ಬೇರೆಬೇರೆಯಾಗಿ ಎಲ್‌ಸಿ-ಎಂಎಸ್‌ನಲ್ಲಿ ಓಡಿಸಿ. ಒಣಗಿದ ಪುಡಿಯಲ್ಲಿ ಫಾರ್ಮೇಟ್ ಉಪ್ಪು ಅಥವಾ ದ್ರಾವಕ ಉಳಿದಿದೆಯೇ ಎಂಬುದಕ್ಕೆ ಎನ್‌ಎಂಆರ್ (ಕಾಂತೀಯ ಅನುರಣನ) ಸ್ಪೆಕ್ಟ್ರಮ್ ತೆಗೆಯಿರಿ.