ಚಾಕೊಲೇಟ್ ಊರಿನ ಕಥೆ

ಪ್ರಶ್ನೆ: ಮಗಳು ಬರ್ಮಿಂಗ್‌ಹ್ಯಾಮ್‌ನ ಬೋರ್ನ್‌ವಿಲ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ಅಲ್ಲಿ ಪಬ್ಬೇ ಇಲ್ಲವಂತೆ, ಚಾಕೊಲೇಟ್ ಕಂಪನಿ ಕಟ್ಟಿದ ಊರಂತೆ. ನಿಜವಾ?
– ಓದುಗರು, ಶಿರಸಿ

ಉತ್ತರ: ನಿಜ. ಆದರೆ ಊರು ಕಟ್ಟಿದ್ದು ಕಂಪನಿ ಅನ್ನುವುದಕ್ಕಿಂತ ಅದರ ಮಾಲೀಕ ಜಾರ್ಜ್ ಕ್ಯಾಡ್ಬರಿ ಅನ್ನಬೇಕು. 1879ರಲ್ಲಿ ಅವರು, ಅಣ್ಣ ರಿಚರ್ಡ್ ಸೇರಿ ಕಾರ್ಖಾನೆಯನ್ನು ಪೇಟೆಯ ಗಲೀಜಿನಿಂದ ಹೊರಗೆ, ಬೋರ್ನ್ ಹೊಳೆಯ ಪಕ್ಕದ ಹೊಲಗಳಿಗೆ ತಂದರು. ರೈಲು ಮತ್ತು ಕಾಲುವೆ ಎರಡೂ ಹತ್ತಿರ ಇದ್ದವು. 1890ರ ದಶಕದಲ್ಲಿ ಜಾರ್ಜ್ ಸುತ್ತಲಿನ ಜಾಗ ಕೊಂಡು ಮನೆ ಕಟ್ಟಿಸಿದರು. ಪ್ರತಿ ಮನೆಗೂ ದೊಡ್ಡ ಹಿತ್ತಲು, ಅದರಲ್ಲಿ ಹಣ್ಣಿನ ಗಿಡ!

ನನಗೆ ಬಹಳ ಇಷ್ಟವಾಗುವ ವಿಷಯ ಬೇರೆ. ಆ ಮನೆಗಳು ಕಾರ್ಖಾನೆಯವರಿಗೆ ಮಾತ್ರ ಅಲ್ಲ, ಹೊರಗಿನವರಿಗೂ ಸಿಗುತ್ತಿದ್ದವು, ಮತ್ತು 1900ರಲ್ಲಿ ಅವರು ಎಲ್ಲವನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟರು, ಆಗ 313 ಮನೆ, 330 ಎಕರೆ. ತಮ್ಮ ಮಕ್ಕಳಿಗೆ ಇಟ್ಟುಕೊಳ್ಳಲಿಲ್ಲ. ಎಷ್ಟು ಜನ ಹೀಗೆ ಮಾಡ್ತಾರೆ ಹೇಳಿ?

ಜಾರ್ಜ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಕುಡಿತದ ವಿರೋಧಿಗಳು. ಅದಕ್ಕೇ ಪಬ್ ಇಲ್ಲ.

2010ರಲ್ಲಿ ಕಂಪನಿ ಅಮೆರಿಕದವರ ಕೈಗೆ ಹೋಯಿತು, ಈಗ ಮೊಂಡೆಲೀಜ್‌ನದು. ಟ್ರಸ್ಟ್ ಮಾತ್ರ ಬೇರೆಯಾಗಿಯೇ ಉಳಿದು ಮನೆ, ಪಾರ್ಕು ನೋಡಿಕೊಳ್ಳುತ್ತಿದೆ. ಮನೆಯ ಹೊರರೂಪ ಬದಲಿಸಲು ಅದರ ಒಪ್ಪಿಗೆ ಬೇಕು, ಹಾಗಾಗಿಯೇ ಬೀದಿಗಳು ಇನ್ನೂ ಅಷ್ಟು ಹಸಿರು. ಶಾಲೆಯ ಗೋಪುರದಲ್ಲಿ 48 ಲೋಹದ ಗಂಟೆಗಳನ್ನು ಬಾರಿಸುವ ಕ್ಯಾರಿಲನ್ ಎಂಬ ವಾದ್ಯವಿದೆ, ಮಗಳಿಗೆ ಕೇಳಿಬರಲು ಹೇಳಿ.