ಮೆಣಸಿನಕಾಯಿ ಒಂದೇ, ವರದಿ ಎರಡು

ಪ್ರಶ್ನೆ: ಒಂದೇ ಚೀಲದ ಒಣಮೆಣಸಿನಕಾಯಿಯನ್ನು ಎರಡು ಪ್ರಯೋಗಾಲಯಗಳಿಗೆ ಕಳಿಸಿದ್ದೆ. ಪ್ರೊಫೆನೋಫಾಸ್ ಕೀಟನಾಶಕದ ಉಳಿಕೆ ಒಂದರಲ್ಲಿ ಕಿಲೋಗೆ 0.9 ಮಿಲಿಗ್ರಾಂ, ಇನ್ನೊಂದರಲ್ಲಿ 0.4 ಎಂದು ಬಂತು. ಯಾವುದನ್ನು ನಂಬಬೇಕು? ತಮ್ಮ ಅಳತೆ ಸರಿಯೆಂದು ಅವರಿಗಾದರೂ ಹೇಗೆ ಗೊತ್ತಾಗುತ್ತದೆ?
– ಓದುಗರೊಬ್ಬರು, ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ಎರಡೂ ವರದಿಗಳು ಪ್ರಾಮಾಣಿಕವಾಗಿರುವ ಸಾಧ್ಯತೆಯಿದೆ. ಐರೋಪ್ಯ ಒಕ್ಕೂಟದ ಮಾರ್ಗಸೂಚಿಯು ಉಳಿಕೆಯ ಅಳತೆಯಲ್ಲಿ ಸಾಮಾನ್ಯವಾಗಿ ಶೇ 50ರಷ್ಟು ಅನಿಶ್ಚಿತತೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಾಗೆ ನೋಡಿದರೆ 0.9 ಎಂಬುದು 0.45ಕ್ಕೆ ಇಳಿಯಬಹುದು, 0.4 ಎಂಬುದು 0.6ಕ್ಕೆ ಏರಬಹುದು. ಸಾಲದ್ದಕ್ಕೆ, ಸಿಂಪಡಿಸಿದ ಔಷಧಿ ಎಲ್ಲ ಕಾಯಿಗಳ ಮೇಲೂ ಸಮನಾಗಿ ಬೀಳುವುದಿಲ್ಲವಾದ್ದರಿಂದ ಚೀಲದೊಳಗೇ ವ್ಯತ್ಯಾಸವಿರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ಇದಕ್ಕಿಂತ ಮುಖ್ಯವಾದುದು. ಉಳಿಕೆ ಎಷ್ಟಿದೆಯೆಂದು ಮೊದಲೇ ಖಚಿತವಾಗಿ ತಿಳಿದಿರುವ ಮೆಣಸಿನಪುಡಿಯನ್ನು ಪ್ರಯೋಗಾಲಯದವರು ನಿಮ್ಮ ಮಾದರಿಯ ಜೊತೆಯಲ್ಲೇ ಪರೀಕ್ಷಿಸಿ, ತಮಗೆ ಬಂದ ಅಂಕಿ ಅದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಇಂಥ ಪುಡಿಯೇ ರೆಫರೆನ್ಸ್ ಮೆಟೀರಿಯಲ್. ಅದನ್ನು ತಯಾರಿಸುವವರಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17034.

ತಯಾರಿಕೆಯ ದೊಡ್ಡ ಕಷ್ಟವಿರುವುದು ಪುಡಿಯನ್ನು ಏಕರೂಪಗೊಳಿಸುವುದರಲ್ಲಿ. ಮೆಣಸಿನಕಾಯಿ ಕುಟ್ಟಿದವರೆಲ್ಲರೂ ಕಂಡಿರುವಂತೆ, ಸಿಪ್ಪೆಯ ಚೂರು ಮೇಲುಳಿದು ಬೀಜ ಜಾರಿ ತಳ ಸೇರುತ್ತದೆ. ಸಿಪ್ಪೆಯಲ್ಲಿರುವಷ್ಟು ಔಷಧಿ ಬೀಜದಲ್ಲಿರುವುದಿಲ್ಲ. ಆದ್ದರಿಂದ ಸರಿಯಾಗಿ ಬೆರೆಯದ ಪುಡಿಯಲ್ಲಿ ಮೇಲಿನ ಚಮಚಕ್ಕೆ ಒಂದು ಅಂಕಿ, ತಳದ ಚಮಚಕ್ಕೆ ಇನ್ನೊಂದು ಅಂಕಿ ಬರುತ್ತದೆ. ಗಿರಣಿಯ ಬಿಸಿಗೆ ಕೆಲವು ಔಷಧಿಗಳು ಆವಿಯಾಗಿಯೋ ಒಡೆದೋ ಹೋಗುತ್ತವೆ. ಹೀಗಾಗಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಯಿಯನ್ನು ಗಾಜಿನಂತೆ ಪೆಡಸಾಗಿಸಿ, ಅರೆದು, ಜರಡಿ ಹಿಡಿದು, ಬಹಳ ಹೊತ್ತು ಬೆರೆಸಿ ಬಾಟಲಿಗಳಿಗೆ ತುಂಬುತ್ತಾರೆ. ಆಮೇಲೆ ತುಂಬಿದ ಸಾಲಿನ ಉದ್ದಕ್ಕೂ ಹತ್ತು ಅಥವಾ ಹೆಚ್ಚು ಬಾಟಲಿಗಳನ್ನು ಆರಿಸಿ, ಪ್ರತಿಯೊಂದನ್ನೂ ಕನಿಷ್ಠ ಎರಡು ಸಲ ಅಳೆದು, ಬಾಟಲಿಯಿಂದ ಬಾಟಲಿಗೆ ಅಂಕಿ ಬದಲಾಗುತ್ತದೆಯೇ ಎಂದು ನೋಡುತ್ತಾರೆ. ಇನ್ನು ಕೆಲವನ್ನು ತಿಂಗಳುಗಟ್ಟಲೆ ಬೇರೆ ಬೇರೆ ಉಷ್ಣತೆಯಲ್ಲಿಟ್ಟು ಉಳಿಕೆ ಕುಗ್ಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಔಷಧಿಯಿಲ್ಲದ ಪುಡಿಗೆ ಪ್ರಯೋಗಾಲಯದಲ್ಲೇ ಔಷಧಿ ಬೆರೆಸುವುದು ಸುಲಭ. ಆದರೆ ಹೊಲದಲ್ಲಿ ಸಿಂಪಡಿಸಿದ್ದು ಸಿಪ್ಪೆಯ ಮೇಣದೊಳಕ್ಕೆ ಇಳಿದು ಕೂತಿರುತ್ತದೆ, ಅದನ್ನು ಹೊರತೆಗೆಯುವುದೇ ನಿಜವಾದ ಪರೀಕ್ಷೆ. ಆದ್ದರಿಂದ ಹೊಲದಲ್ಲಿ ಸಿಂಪಡಿಸಿದ ಕಾಯಿಯಿಂದಲೇ ಮಾಡಿದ ವಸ್ತು ಹೆಚ್ಚು ನಂಬಿಕೆಗೆ ಅರ್ಹವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದಿನ ಸಲ ಚೀಲದ ಮೇಲೆ, ನಡುವೆ, ತಳದಿಂದ ಕಾಯಿ ತೆಗೆದು, ಒಟ್ಟುಗೂಡಿಸಿ ಮೂರು ಪಾಲು ಮಾಡಿ, ಒಂದನ್ನು ಮೊಹರು ಹಾಕಿ ನಿಮ್ಮಲ್ಲೇ ಇಟ್ಟುಕೊಳ್ಳಿರಿ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ ಉಳಿಕೆ ಪರೀಕ್ಷೆಯ ಪ್ರಯೋಗಾಲಯವಿದೆ. ಎಲ್ಲಿಗೇ ಕಳಿಸಿದರೂ, ಆ ದಿನ ಯಾವ ರೆಫರೆನ್ಸ್ ಮೆಟೀರಿಯಲ್ ಬಳಸಿದರು, ಅದರಲ್ಲಿ ತಿಳಿದಿದ್ದ ಉಳಿಕೆಯ ಶೇ ಎಷ್ಟು ಭಾಗ ಅವರ ಅಳತೆಗೆ ಸಿಕ್ಕಿತು ಎಂದು ಬರವಣಿಗೆಯಲ್ಲಿ ಕೇಳಿರಿ. ಸಾಮಾನ್ಯವಾಗಿ ಶೇ 70ರಿಂದ 120ರೊಳಗಿದ್ದರೆ ಒಪ್ಪುತ್ತಾರೆ.